ಕಾಶಿಯಲ್ಲಿ ಬಿಟ್ಟದ್ದು

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ನಾನು ಮಾರ್ಕೆಟ್ಟಿನಿಂದ ತರಕಾರಿ ಹೊತ್ತುಕೊಂಡು ಬಂದು ಗೇಟು ತೆಗೆದೆ. ಜಗುಲಿಯ ಮೇಲೆ ಕೂತಿದ್ದ ನನ್ನ ಗಂಡ ಕತ್ತೆತ್ತಿ ನನ್ನನ್ನೇ ನೋಡಿ ಹೇಳಿದರು, "ಕಮಲಾಕ್ಷಿ ಮನೇಲಿಲ್ಲ ಕಣಮ್ಮ. ಎಲ್ಲಿಗೋ ಓಗವ್ಳೆ. ಆಮ್ಯಾಕೆ ಬಾ."

ಕಮಲಾಕ್ಷಿ ಅಂದರೆ ನಾನೇ. ಕಟ್ಟಿಕೊಂಡ ಗಂಡನೇ ಮನೆಯ ಗೇಟಿನಿಂದ ವಾಪಸ್ಸು ಕಳಿಸಿದ ಹೆಂಗಸು ಹೊಳೆನರಸೀಪುರದಲ್ಲಿ ನಾನೊಬ್ಬಳೇ ಇರಬೇಕು. ಆ ಗಳಿಗೆಗೆ ನಗು ಬಂತು. "ಅವ್ಳು ಬಂದ್ರೆ ಯಾರು ಬಂದಿದ್ರು ಅಂತ ಏಳ್ತೀರಾ?" ಅಂತ ನಾನೂ ಆಟ ಆಡಿದೆ. ದನಿ ಕೇಳಿದ್ದೇ ಅವರ ಮುಖ ಇಳಿದುಹೋಯಿತು. ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋದರು. ಅಡುಗೆಮನೆಯಲ್ಲಿ ಬದನೆಕಾಯಿ ಸುರಿಯುವ ಹೊತ್ತಿಗೆ ನನ್ನ ನಗುವೂ ನಿಂತಿತ್ತು. ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಆ ವಾರವೇ ಹಾಸನದ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ನಮ್ಮ ಮಗಳ ವಯಸ್ಸಿನ ಹುಡುಗಿ. ಎರಡು ಕಣ್ಣಿಗೂ ಪೊರೆ ಬಂದಿದೆ, ಎಡಗಣ್ಣಿನದು ಬಲಿತುಹೋಗಿದೆ ಅಂದಳು. ಆಪರೇಷನ್ ಸಣ್ಣದೇ, ಆದರೆ ಸಕ್ಕರೆ ಇಷ್ಟು ಮೇಲಿದ್ದರೆ ತಾನು ಕಣ್ಣಿಗೆ ಕೈ ಹಾಕುವುದಿಲ್ಲ ಅಂದಳು.

"ತಿಂಗಳು ಟೈಮ್ ಕೊಡ್ತೀನಿ. ಮಾತ್ರೆ ತಪ್ಪಿಸಬೇಡಿ, ಸಿಹಿ ಮುಟ್ಟಬೇಡಿ, ದಿನಾ ಚೆನ್ನಾಗಿ ನಡೀರಿ. ಬಿಸಿಲೇರೋದಕ್ಕೆ ಮುಂಚೆ ಮುಗಿಸಿಬಿಡಿ. ನೀರು, ಉಪ್ಪು ಹಾಕಿದ ಮಜ್ಜಿಗೆ ಎಷ್ಟು ಬೇಕಾದರೂ ಕುಡೀರಿ."

ನಮ್ಮವರು ಗಂಭೀರವಾಗಿ ತಲೆಯಾಡಿಸಿದರು. ಆ ತಲೆಯಾಡಿಸುವಿಕೆಯನ್ನು ನಾನು ಚೆನ್ನಾಗಿ ಬಲ್ಲೆ.

ನನ್ನ ಗಂಡ ದೊಡ್ಡಯ್ಯನವರು ಸರ್ಕಾರಿ ಬಸ್ಸಿನ ಡ್ರೈವರಾಗಿದ್ದವರು. ಹೊಳೆನರಸೀಪುರದಿಂದ ಅರಕಲಗೂಡಿನ ಮೇಲೆ ರುದ್ರಪಟ್ಟಣಕ್ಕೆ ಹೋಗುವ ಬಸ್ಸು ಅವರದು. ರಸ್ತೆಯಲ್ಲಿ ಯಾರು ಕೈ ಎತ್ತಿದರೂ ನಿಲ್ಲಿಸುತ್ತಿದ್ದರು. ಸ್ಟಾಪು ಇರಲಿ, ಇಲ್ಲದಿರಲಿ, ಹುಲ್ಲಿನ ಹೊರೆ ಇರಲಿ, ಕೋಳಿ ಇರಲಿ. ಕಂಡಕ್ಟರು ಹಲ್ಲು ಕಡಿದರೂ ಕೇಳುತ್ತಿರಲಿಲ್ಲ. ಊರಿಗೆಲ್ಲ ಒಳ್ಳೆಯವರು. ಅಂಥವರ ಹೆಂಡತಿಯಾಗಿರುವುದು ಏನೆಂದು ನನ್ನನ್ನು ಕೇಳಿ.

ನಿವೃತ್ತರಾದ ವರ್ಷ ನಾವಿಬ್ಬರೂ ಕಾಶಿಗೆ ಹೋಗಿ ಬಂದೆವು. ಕಾಶಿಗೆ ಹೋದವರು ತಮಗೆ ಇಷ್ಟವಾದದ್ದು ಏನಾದರೂ ಒಂದನ್ನು ಅಲ್ಲಿ ಬಿಟ್ಟು ಬರಬೇಕಲ್ಲ. ನಾನು ಗಂಗೆಯಲ್ಲಿ ಮುಳುಗಿ ಎದ್ದು ಮಾವಿನಹಣ್ಣು ಬಿಟ್ಟೆ. ರಸಪುರಿ ಅಂದರೆ ಪ್ರಾಣ ಬಿಡುತ್ತಿದ್ದವಳು ನಾನು, ಬಿಡುವಾಗ ಕಣ್ಣಲ್ಲಿ ನೀರು ಬಂದಿತ್ತು. ಪಕ್ಕದಲ್ಲೇ ಎದ್ದ ಈ ಮಹಾನುಭಾವರು ಏನು ಬಿಟ್ಟರು ಗೊತ್ತೇ? ಹಾಗಲಕಾಯಿ. ಹುಟ್ಟಿದಾಗಿನಿಂದ ಅದನ್ನು ಕಂಡರೆ ಮೂತಿ ಸಿಂಡರಿಸುತ್ತಿದ್ದವರು. ವಿಶ್ವನಾಥನಿಗೇ ಟೋಪಿ ಹಾಕಿದಿರಲ್ಲ ಅಂದರೆ, "ಬಿಡು ಅಂದವ್ರೆ, ಬುಟ್ಟೆ. ಇಷ್ಟ ಇತ್ತಾ ಅಂತ ಯಾರೂ ಕೇಳ್ನಿಲ್ಲ" ಅಂದರು. ಈಗ ಸಕ್ಕರೆ ಕಾಯಿಲೆಗೆ ಹಾಗಲಕಾಯಿ ಮಾಡಿಹಾಕೋಣ ಅಂದರೆ ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಅವರಿಗೆ ಆಗುತ್ತದೆ. ಅಲ್ಲಿಂದ ತಂದ ಗಂಗೆ, ಬಾಯಿಗೆ ಬೆಸುಗೆ ಹಾಕಿದ ಪುಟ್ಟ ತಾಮ್ರದ ತಂಬಿಗೆ, ದೇವರ ಗೂಡಿನಲ್ಲಿದೆ. ಕೊನೆಗಾಲದಲ್ಲಿ ಬಾಯಿಗೆ ಬಿಡಲು ಅಂತ ಎಲ್ಲರೂ ತಂದಿಟ್ಟುಕೊಳ್ಳುವ ಹಾಗೆ ನಾವೂ ಇಟ್ಟುಕೊಂಡಿದ್ದೆವು.

ಅಂತೂ ನಡಿಗೆ ಶುರುವಾಯಿತು. ಆದರೆ ಸ್ನಾನ, ಪೂಜೆ ಆಗದೆ ಅವರು ಹೊಸಿಲು ದಾಟುವವರಲ್ಲ. ನೀರು ಕಾದು, ಮಿಂದು, ವಿಭೂತಿ ಧರಿಸಿ, ಗಂಟೆ ಬಾರಿಸಿ ಹೊರಡುವ ಹೊತ್ತಿಗೆ ಬಿಸಿಲು ಗೇಟಿನೊಳಗೇ ಬಂದಿರುತ್ತಿತ್ತು. ಆ ವರ್ಷದ ಸೆಖೆಯಂತೂ ಕೇಳಬೇಡಿ. ದಿನಾ ಸಂಜೆ ಮೋಡ ಕಟ್ಟುತ್ತಿತ್ತು, ಒಂದು ಹನಿ ಬೀಳುತ್ತಿರಲಿಲ್ಲ. ಹೊಳೆಯ ಕಡೆಯಿಂದ ಬರುವ ಗಾಳಿಯೂ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಮುಖಕ್ಕೆ ಹೊಡೆಯುತ್ತಿತ್ತು. ಮಿಂದು ಹೋದವರು ಮತ್ತೊಮ್ಮೆ ಮಿಂದ ಹಾಗೆ ನೆನೆದು ಬರುತ್ತಿದ್ದರು. "ನಾಲೆ ಸೇತುವೆವರ್ಗೂ ಓಗಿ ಬಂದೆ" ಅಂತ ಹೇಳುವಾಗ ದನಿಯಲ್ಲಿ ಒಂದು ಗತ್ತು. ನನಗೂ ಸಮಾಧಾನವಾಗಿತ್ತು.

ಭಾನುವಾರ ನಮ್ಮ ಮಗಳು ನಿಧಿ ಹಾಸನದಿಂದ ಬಂದಳು. ಅಲ್ಲಿ ಸ್ಕೂಲು ಟೀಚರಾಗಿರುವ ಅವಳು ಅಪ್ಪನ ಬೆರಳು ಚುಚ್ಚಿ ಮಿಷನ್ನಿನಲ್ಲಿ ನೋಡಿ ಹುಬ್ಬು ಗಂಟು ಹಾಕಿದಳು. ಸಕ್ಕರೆ ಇಳಿದಿರಲಿಲ್ಲ. ಇನ್ನೂ ಏರಿತ್ತು.

"ಅಮ್ಮ, ನೀನು ಏನು ಮಾಡಿ ಹಾಕ್ತಿದ್ದೀಯ?" ಅಂತ ನನ್ನನ್ನೇ ಹಿಡಿದುಕೊಂಡಳು.

ನನಗೆ ಮೈಯೆಲ್ಲ ಉರಿದುಹೋಯಿತು. ಮನೆಯಲ್ಲಿ ಸಕ್ಕರೆ ಡಬ್ಬಿಯನ್ನೇ ಬೀರುವಿನಲ್ಲಿಟ್ಟು ಬೀಗ ಹಾಕಿದವಳು ನಾನು. ಮಾರನೆಯ ದಿನ ನಾನೂ ಜೊತೆಗೆ ಬರುತ್ತೇನೆ ಅಂದೆ. ಅವರು, "ನಿಂಗ್ಯಾಕೆ, ಬಿಸ್ಲು ಕಣೆ" ಅಂದರು. ಆ ಕಾಳಜಿಯಲ್ಲೇ ಏನೋ ಇದೆ ಅನ್ನಿಸಿತು. ನಿಧಿ ಎಂದೋ ತಂದುಕೊಟ್ಟಿದ್ದ ಬಿಳಿ ಶೂ ಹಾಕಿ, ಸೀರೆ ಒಂದು ಗೇಣು ಮೇಲೆ ಕಟ್ಟಿ, ಕೊಡೆ ಹಿಡಿದು ಹೊರಟೆ.

ಅವರು ನಡೆಯುವುದೇ ಒಂದು ಚೆಂದ. ರಸ್ತೆಯ ಎಡಗಡೆ ಬಿಟ್ಟು ಅತ್ತಿತ್ತ ಸರಿಯುವುದಿಲ್ಲ, ತಿರುವು ಬಂದರೆ ಕೈ ತೋರಿಸುತ್ತಾರೆ, ಹಿಂದೆ ಯಾರೂ ಇಲ್ಲದಿದ್ದರೂ. ಬಸ್ ಡಿಪೋ ದಾಟಿ ಸ್ವಲ್ಪ ಹೋಗುವಷ್ಟರಲ್ಲಿ ನಮ್ಮ ಪಕ್ಕದಲ್ಲಿ ಬಸ್ಸೊಂದು ಬುಸ್ಸೆಂದು ನಿಂತಿತು. ನಾವು ಕೈ ಎತ್ತಿರಲಿಲ್ಲ. ಸ್ಟೇರಿಂಗಿನ ಮುಂದೆ ರುದ್ರೇಶ ಕೂತಿದ್ದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇವರ ಕೈ ಕೆಳಗೆ ಪಳಗಿದವನು.

"ಅತ್ತಿ ಗುರುಗಳೇ. ಇವತ್ತು ಅಮ್ಮಾವ್ರೂ ಬಂದವ್ರೆ."

"ವಾಕಿಂಗ್ ಕಣಪ್ಪ ರುದ್ರೇಶ. ನಡೀಬೇಕು ಅಂತ ಬಂದಿದೀವಿ" ಅಂದೆ.

"ಈ ಬಿಸ್ಲಲ್ಲಿ ನೀವು ನಡ್ಕಂಡು ಓಗ್ತಿರೋದು ನೋಡ್ಕಂಡು ನಾನ್ ಎಂಗೆ ಬಸ್ ಓಡಿಸ್ಲಿ? ಬೇಕಾದ್ರೆ ಒಳಗೆ ನಿಂತ್ಕಂಡೇ ಬನ್ನಿ."

ನಾನು ತಿರುಗಿ ನೋಡುವಷ್ಟರಲ್ಲಿ ನಮ್ಮವರು ಹತ್ತಿಯಾಗಿತ್ತು. ನಾನೂ ಹಿಂದೆಯೇ ಹತ್ತಿದೆ. ನಾಲೆ ಸೇತುವೆಗೆ ದಿನಾ ಹೋಗಿ ಬರುತ್ತಿದ್ದದ್ದು ಸುಳ್ಳಲ್ಲ, ಬಸ್ಸಿನಲ್ಲಿ ಹೋಗುತ್ತಿದ್ದರು. ಬರುವಾಗ ಮಾತ್ರ ನಡಿಗೆ. ಆ ನಡಿಗೆಯ ಕಥೆಯನ್ನಾದರೂ ಕೇಳಿ. ಸೇತುವೆಯ ಹತ್ತಿರ ಕಬ್ಬಿನ ಹಾಲಿನವನು ಇವರನ್ನು ಕಂಡ ಕೂಡಲೇ ಗಾಣ ತಿರುಗಿಸಿದ. ಮುಂದೆ ನಂಜಪ್ಪನ ಹೋಟೆಲಿನಲ್ಲಿ ಕಾಫಿ. ನಂಜಪ್ಪ ಚಿಕ್ಕವನಾಗಿದ್ದಾಗ ಸ್ಕೂಲಿಗೆ ಹೋಗಲು ಇವರು ದಿನಾ ಅವನಿಗಾಗಿಯೇ ಹೊಲದ ಬದುವಿನ ಹತ್ತಿರ ಬಸ್ಸು ನಿಲ್ಲಿಸುತ್ತಿದ್ದರಂತೆ. ಋಣ ತೀರಿಸಲು ಅವನು ಕಾಫಿಗೆ ಮೂರು ಚಮಚ ಸಕ್ಕರೆ ಹಾಕುತ್ತಾನೆ.

"ನಂಜಪ್ಪ, ಡಾಕ್ಟ್ರು ಬ್ಯಾಡ ಅಂದವ್ರೆ" ಅಂದೆ.

"ಒಂದ್ ಲೋಟಕ್ಕೆ ಏನೂ ಆಗಲ್ಲ ಬುಡಿ ಅಮ್ಮಾರೇ. ನಡೀತಾವ್ರಲ್ಲ, ಎಲ್ಲಾ ಕರಗೋಯ್ತದೆ."

ಅದಾದ ಮೇಲೆ ಜಯಲಕ್ಷ್ಮಮ್ಮನ ಮನೆ. ರಸ್ತೆಗೆ ಮುಖ ಮಾಡಿದ ಹೆಂಚಿನ ಮನೆ, ಮುಂದೆ ಹೊಂಗೆ ಮರ. ಬಹಳ ವರ್ಷಗಳ ಹಿಂದೆ ಆ ಹೆಂಗಸಿಗೆ ಬಸ್ಸಿನಲ್ಲೇ ಹೆರಿಗೆ ನೋವು ಬಂದಾಗ, ಇವರು ಯಾವ ಸ್ಟಾಪಿನಲ್ಲೂ ನಿಲ್ಲಿಸದೆ ನೇರ ಆಸ್ಪತ್ರೆಯ ಬಾಗಿಲಿಗೇ ಬಸ್ಸು ತಂದು ನಿಲ್ಲಿಸಿದ್ದರು. ಅಂದಿನಿಂದ ಆಕೆಗೆ ಇವರು ಅಣ್ಣ. ಸೆರಗಿನಲ್ಲಿ ಹಿಡಿದು ದೊಡ್ಡ ಲೋಟದ ತುಂಬ ಬೆಲ್ಲದ ಪಾನಕ ತಂದಳು. ಏಲಕ್ಕಿ ಘಮ ರಸ್ತೆಗೆ ಹೊಡೆಯುತ್ತಿತ್ತು. ನಮ್ಮವರು ಹೊಂಗೆ ನೆರಳಲ್ಲಿ ಕೂತು ಕಣ್ಣು ಮುಚ್ಚಿ ಕುಡಿದರು. ಹಾಗೆ ಕುಡಿಯುವುದನ್ನು ನೋಡಿದರೆ ಯಾರಿಗಾದರೂ ಇನ್ನೊಂದು ಲೋಟ ಕೊಡೋಣ ಅನ್ನಿಸಬೇಕು, ಆಕೆ ಕೊಟ್ಟೇ ಕೊಟ್ಟಳು.

ಮನೆಗೆ ಬಂದ ಮೇಲೆ ಜಗಳ ಆಡಿದೆ. "ಕೈ ಎತ್ತಿ ಕರೀತಾರೆ ಕಣೆ. ಎಂಗೆ ಮುಂದಕ್ಕೋಗ್ಲಿ? ಅದು ನಂಗೆ ಅಭ್ಯಾಸ ಇಲ್ಲ" ಅಂದರು. ಅದು ನಿಜವೇ. ಆದರೂ ನನ್ನ ಕೋಪ ಇಳಿಯಲಿಲ್ಲ. ಎರಡು ಮಾರು ದೂರ ನಿಂತರೆ ಅವರಿಗೆ ನನ್ನ ಮುಖ ಕಾಣದು. ಆ ಅನುಕೂಲದಲ್ಲಿ ನಾನು ಅಡುಗೆಮನೆ ಬಾಗಿಲಿನಿಂದ ಎಷ್ಟೋ ಸಲ ಅವರಿಗೆ ಮೂತಿ ತಿರುವಿದ್ದೇನೆ, ಒಮ್ಮೊಮ್ಮೆ ಅಲ್ಲೇ ನಿಂತು ಕಣ್ಣೊರೆಸಿಕೊಂಡೂ ಇದ್ದೇನೆ. ಅವತ್ತು ಎರಡನ್ನೂ ಮಾಡಿದೆ.

ಹೊತ್ತನ್ನಾದರೂ ಬದಲಾಯಿಸೋಣ ಅಂದುಕೊಂಡೆ. "ಮೊದಲ್ನೇ ಟ್ರಿಪ್ಪಿನ ಡ್ಯೂಟಿ ಇದ್ದಾಗ ಪೂಜೆ ಯಾವಾಗ ಮಾಡ್ತಿದ್ರಿ?" ಅಂತ ಕೇಳಿದೆ.

"ನಾಕು ಗಂಟೆಗೆ ಎದ್ದು."

"ನಾಳೆಯಿಂದ ನಿಮ್ಗೆ ಮೊದಲ್ನೇ ಟ್ರಿಪ್ಪು."

ಡ್ಯೂಟಿ ಅಂದರೆ ಆ ಮನುಷ್ಯ ಎದುರು ಮಾತಾಡುವುದಿಲ್ಲ. ಬೆಳಕು ಹರಿಯುವ ಹೊತ್ತಿಗೆ ರಸ್ತೆಯಲ್ಲಿರತೊಡಗಿದೆವು. ಆ ಹೊತ್ತಿನಲ್ಲಿ ಟಾರು ಇನ್ನೂ ತಣ್ಣಗಿರುತ್ತದೆ, ಹುಣಸೆಮರಗಳ ಕೆಳಗೆ ನಡೆದರೆ ಮೈ ಹಗುರಾಗುತ್ತದೆ. ನನ್ನ ಮಂಡಿ ನೋವು ಎಲ್ಲೋ ಹೋಯಿತು. ಬೆವರು ಬರುತ್ತಿತ್ತು, ಆದರೆ ಅದು ಕೆಲಸ ಮಾಡಿದ ಬೆವರು. ರುದ್ರೇಶನಿಗೂ ಕಟ್ಟುನಿಟ್ಟಾಗಿ ಹೇಳಿದೆ. ಅವನು ಹತ್ತಿಸಿಕೊಳ್ಳುವುದನ್ನು ಬಿಟ್ಟ, ನಮ್ಮ ಪಕ್ಕದಲ್ಲೇ ಬಸ್ಸನ್ನು ನಿಧಾನ ಮಾಡಿ ಒಂದೆರಡು ಮಾತಾಡಿ ಹೋಗುತ್ತಿದ್ದ, ಪ್ಯಾಸೆಂಜರುಗಳು ಕಿಟಕಿಯಿಂದ ನನ್ನ ಶೂ ನೋಡುತ್ತಿದ್ದರು. ಆದರೆ ಲೋಟಗಳನ್ನು ಗೆಲ್ಲಲು ಆಗಲಿಲ್ಲ. ನಾವು ಬೇಗ ಎದ್ದರೆ ರಸ್ತೆಯೂ ಬೇಗ ಎದ್ದಿತು. ಮುಂದಿನ ಭಾನುವಾರ ಸಕ್ಕರೆ ಕೂದಲೆಳೆಯಷ್ಟು ಇಳಿದಿತ್ತು. ಡಾಕ್ಟರು ಕೊಟ್ಟ ತಿಂಗಳಲ್ಲಿ ಅರ್ಧ ಕಳೆದಿತ್ತು.

ಆ ಸೋಮವಾರ ಬೆಳಗಾಗುವ ಮೊದಲೇ ಸೆಖೆ. ಒಂದು ಎಲೆ ಅಲ್ಲಾಡುತ್ತಿರಲಿಲ್ಲ. ವಾಪಸ್ಸು ಬರುವಾಗ ನನ್ನ ರವಿಕೆ ಬೆನ್ನಿಗೆ ಅಂಟಿಕೊಂಡು, ತಲೆ ಸುತ್ತಿದಂತಾಗಿ ಜಯಲಕ್ಷ್ಮಮ್ಮನ ಹೊಂಗೆಮರದ ಕೆಳಗೆ ಕುಸಿದು ಕೂತೆ. ಆಕೆ ಓಡಿಬಂದು ಬೀಸಣಿಗೆಯಲ್ಲಿ ಗಾಳಿ ಹಾಕಿದಳು, ಪಾನಕ ಕುಡಿಸಿದಳು. ಜೀವ ಬಂತು. ಕಣ್ಣು ಬಿಟ್ಟು ನೋಡಿದರೆ ಇವರೂ ಒಂದು ಲೋಟ ಹಿಡಿದು ತುಟಿಯವರೆಗೆ ತಂದಿದ್ದರು. ನನಗೆ ಏನಾಯಿತೋ. ಆ ಗೇಟಿನ ಮಧ್ಯಾಹ್ನ ನೆನಪಾಯಿತು, ತಲೆ ಸುತ್ತು ಬೇರೆ.

"ಜಯಮ್ಮ, ಅವ್ರಿಗೆ ಕೊಡ್ಬ್ಯಾಡಿ. ಅವ್ರು ಕಾಶೀಲಿ ಸಿಹಿ ಬುಟ್ಟವ್ರೆ" ಅಂದುಬಿಟ್ಟೆ.

ಡಾಕ್ಟರ ಮಾತಿಗೆ ಯಾರೂ ಸೊಪ್ಪು ಹಾಕಿರಲಿಲ್ಲ. ಕಾಶಿ ಅಂದದ್ದೇ ತಡ, ಆಕೆ ಅವರ ಕೈಯಿಂದ ಲೋಟ ಕಿತ್ತುಕೊಂಡಳು. ಆಮೇಲೆ ಆಕೆಯ ಮುಖ ಸಪ್ಪಗಾಯಿತು.

"ಮತ್ತೆ ಇಷ್ಟ್ ದಿನ ಕುಡುದ್ರಲ್ಲ ಅಣ್ಣ?"

ಇವರು ಬಾಯಿ ಬಿಡುವ ಮೊದಲು ನಾನೇ ಹೇಳಿದೆ. "ನಿಮ್ಗೆ ಬ್ಯಾಸರ ಆಯ್ತದೆ ಅಂತ ಕುಡುದ್ರು."

"ಅಯ್ಯೋ ಶಿವನೇ, ಕಾಶೀಲಿ ಬುಟ್ಟಿದ್ದನ್ನ ನಾನೇ ಕುಡಿಸ್ಬುಟ್ನಲ್ಲ" ಅಂತ ಆಕೆ ಎರಡೂ ಕೆನ್ನೆ ಬಡಿದುಕೊಂಡಳು. ಒಳಗೆ ಹೋಗಿ ಅರಿಶಿನದ ಬಟ್ಟೆಯಲ್ಲಿ ಒಂದು ನಾಣ್ಯ ಸುತ್ತಿ ತಂದು, ನಮ್ಮ ಕಣ್ಣ ಮುಂದೆಯೇ ಬಾಗಿಲಿಗೆ ತಪ್ಪುಕಾಣಿಕೆ ಕಟ್ಟಿದಳು.

ಇಬ್ಬರೂ ಮನೆ ಸೇರಿದೆವು. ಚಪ್ಪಲಿ ಬಿಟ್ಟು ಜಗುಲಿಯಲ್ಲಿ ಕೂತ ಮೇಲೆ ಅವರು ಮೆಲ್ಲಗೆ ಅಂದರು.

"ಕಾಶಿ ಎಸ್ರಲ್ಲಿ ಸುಳ್ಳೇಳ್ದಲ್ಲ ಕಮಲ. ಏನೂ ತಪ್ಪು ಮಾಡ್ದೆ ಇರೋಳು ತಪ್ಪುಕಾಣ್ಕೆ ಕಟ್ಟುದ್ಲು."

"ನಿಮ್ ಕಣ್ಣು ಓದ್ರೆ ಕಾಶಿ ಬತ್ತದಾ ಕೊಡೋಕೆ? ಪಾಪ ಬಂದ್ರೆ ನಂಗೇ ಬರ್ಲಿ" ಅಂದೆ. ಅಂದದ್ದೇನೋ ಧೈರ್ಯದಿಂದ, ಆದರೆ ನಾಳೆ ಬೆಳಗ್ಗೆ ಇವರು ರಸ್ತೆಯುದ್ದಕ್ಕೂ ನಿಜ ಹೇಳಿಕೊಂಡು ಹೋಗುತ್ತಾರೆ, ಲೋಟಗಳೆಲ್ಲ ವಾಪಸ್ಸು ಬರುತ್ತವೆ ಅಂತ ನನಗೆ ಖಾತ್ರಿಯಾಗಿತ್ತು.

ಮಾರನೆಯ ಬೆಳಗ್ಗೆ ನಾನು ಏಳುವಷ್ಟರಲ್ಲಿ ಅವರು ಪೂಜೆ ಮುಗಿಸಿ ಒಬ್ಬರೇ ಹೊರಟುಹೋಗಿದ್ದರು. ನನ್ನ ಮೇಲಿನ ಸಿಟ್ಟು ಅಂದುಕೊಂಡೆ. ಆದರೆ ಮುಂದಿನ ದಿನಗಳಲ್ಲಿ ನೋಡಿದರೆ ಅವರು ಯಾರಿಗೂ ನಿಜ ಹೇಳಿದ ಹಾಗೆ ಕಾಣಲಿಲ್ಲ. ರುದ್ರೇಶನ ಬಸ್ಸಿನಲ್ಲಿ ಸುದ್ದಿ ಅರಕಲಗೂಡಿನವರೆಗೆ ಹೋಗಿತ್ತು. ಕಬ್ಬಿನ ಹಾಲಿನವನು ಕೈ ಮುಗಿದು ಸುಮ್ಮನಾದ. ನಂಜಪ್ಪ ಸಕ್ಕರೆಯಿಲ್ಲದ ಕಾಫಿ ತಂದು, ಅದನ್ನು ಕುಡಿಯುವ ಇವರ ಮುಖ ನೋಡಲಾಗದೆ ಆ ಕಡೆ ತಿರುಗಿಕೊಂಡ. ಜಯಲಕ್ಷ್ಮಮ್ಮ ಉಪ್ಪು, ಇಂಗು, ಕರಿಬೇವು ಹಾಕಿದ ನೀರುಮಜ್ಜಿಗೆ ಕೊಟ್ಟಳು. ಆಕೆಯ ಕಣ್ಣಿಗೆ ಕಣ್ಣು ಕೊಡಲಾಗದೆ ನಾನು ನನ್ನ ಶೂ ನೋಡುತ್ತ ನಿಂತೆ. ಬಾಗಿಲ ಕಡೆಗಂತೂ ತಲೆಯೇ ಎತ್ತಲಿಲ್ಲ. ಇವರು ಅದನ್ನೇ ಕುಡಿದು ನಡೆದರು. ನಿಧಿ ಬೆರಳು ಚುಚ್ಚಿದಾಗಲೆಲ್ಲ ಸಕ್ಕರೆ ಇಳಿಯುತ್ತ ಬಂತು. ಮಗಳು ನನ್ನ ಬೆನ್ನು ತಟ್ಟಿದಳು. ನನಗೆ ಖುಷಿಯಾಗಬೇಕಿತ್ತು, ಆ ಅರಿಶಿನದ ಗಂಟು ಕಣ್ಣ ಮುಂದೆ ಬಂದು ಎಲ್ಲ ಹಾಳಾಗುತ್ತಿತ್ತು.

ಹಾಸನದ ಡಾಕ್ಟರಮ್ಮ ಹೇಳಿದ ಮಾತಿಗೆ ತಪ್ಪದೆ ಎಡಗಣ್ಣಿಗೆ ಆಪರೇಷನ್ ಮಾಡಿದಳು. ಮಾರನೆಯ ದಿನ ಪಟ್ಟಿ ಬಿಚ್ಚಿದಾಗ ನಾನು ಎದುರಿಗೇ ನಿಂತಿದ್ದೆ. ಬಹಳ ಹೊತ್ತು ನನ್ನನ್ನೇ ನೋಡಿದರು.

"ತಲೆ ಇಷ್ಟೊಂದು ಯಾವಾಗ ಬೆಳ್ಳಗಾಯ್ತೆ?" ಅಂದರು.

ಅದಕ್ಕಿಂತ ಒಳ್ಳೆಯ ಮಾತನ್ನು ಆ ಬಾಯಲ್ಲಿ ನಾನು ಕೇಳಿದ್ದಿಲ್ಲ.

ಮನೆಗೆ ಬಂದ ನಾಲ್ಕಾರು ದಿನಕ್ಕೆ ಮಳೆಯೂ ಬಂತು. ಸಂಜೆ ಧೋ ಅಂತ ಸುರಿದು, ಮಣ್ಣಿನ ವಾಸನೆ ಎದ್ದು, ತಿಂಗಳಿಂದ ಉಸಿರು ಹಿಡಿದಿದ್ದ ಮನೆಯೆಲ್ಲ ತಣ್ಣಗಾಯಿತು. ಆ ಸಂತೋಷಕ್ಕೆ ನನ್ನ ಬುದ್ಧಿಯೂ ಸ್ವಲ್ಪ ಸಡಿಲವಾಯಿತು ಅನ್ನಿ. ಬೀರುವಿನ ಬೀಗ ತೆಗೆದು ಸಕ್ಕರೆ ಡಬ್ಬಿ ಹೊರತಂದು ಚೂರೇ ಚೂರು ಗಸಗಸೆ ಪಾಯಸ ಮಾಡಿದೆ. ಪುಟ್ಟ ಬಟ್ಟಲಲ್ಲಿ ಹಾಕಿ, ಜಗುಲಿಯಲ್ಲಿ ಮಳೆ ನೋಡುತ್ತ ಕೂತವರ ಕೈಗೆ ಕೊಟ್ಟೆ.

"ಎರಡೇ ಚಮಚ. ಮಗಳಿಗೆ ಏಳ್ಬೇಡಿ."

ಅವರು ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು ಒಮ್ಮೆ ವಾಸನೆ ನೋಡಿ ವಾಪಸ್ಸು ಕೊಟ್ಟರು.

"ಸಿಹಿ ಬುಟ್ಟಿದೀನಿ ಕಣೆ."

"ಅದು ನಾನ್ ಏಳಿದ್ ಸುಳ್ಳಲ್ವಾ?"

"ನೀನ್ ಏಳ್ದಾಗ ಸುಳ್ಳು. ಮಾರನೇ ದಿನ ಬೆಳಗ್ಗೆ ನಿಜ ಆಯ್ತು. ದೇವ್ರ ಗೂಡಲ್ಲಿ ತಂಬಿಗೆ ನೋಡು."

ಹೋಗಿ ನೋಡಿದೆ. ತಾಮ್ರದ ತಂಬಿಗೆಯ ಬೆಸುಗೆ ಕಿತ್ತಿತ್ತು. ಬಾಯಿಗೆ ಒಂದು ಬಿಳಿ ಬಟ್ಟೆ ಕಟ್ಟಿ ಇಟ್ಟಿದ್ದರು. ದಿನಾ ದೀಪ ಹಚ್ಚುವ ನಾನು ಅದನ್ನು ಗಮನಿಸಿಯೇ ಇರಲಿಲ್ಲ.

"ಗಂಗೆ ಇಲ್ಲೇ ಇರುವಾಗ ಕಾಶಿಗ್ ಓಗದ್ಯಾಕೆ ಅಂತ ಅವತ್ತು ಬೆಳಗ್ಗೆ ಪೂಜೆಲಿ ಅಂಗೈಗೆ ಬುಟ್ಕಂಡು ಸಿಹಿ ಬುಟ್ಬುಟ್ಟೆ" ಅಂದರು. "ಆಮ್ಯಾಕೆ ಜಯಮ್ಮನ್ ಮನೇಗೋಗಿ ಏಳ್ದೆ. ಕಾಶೀಲಿ ಬುಟ್ಟಿದ್ದು ಆಗಲಕಾಯಿ ಕಣವ್ವ, ಸಿಹಿ ಬುಟ್ಟಿದ್ದು ಇವತ್ತು, ನಿನ್ ಪಾನಕದಲ್ಲಿ ಏನೂ ತಪ್ಪಿಲ್ಲ ಅಂತ. ತಪ್ಪುಕಾಣ್ಕೆ ನಾನೇ ಬಿಚ್ದೆ. ನಕ್ಬುಟ್ಲು. ಯಾರ್ಗೂ ಏಳಲ್ಲ ಅಂದ್ಲು."

"ನಂಗ್ಯಾಕೆ ಏಳ್ನಿಲ್ಲ?"

"ಸ್ವಲ್ಪ ದಿನ ಎದರ್ಕಂಡಿರ್ಲಿ ಅಂತ."

ಮೈಸೂರ್ ಪಾಕು ಕಂಡರೆ ಬಸ್ಸನ್ನೇ ನಿಲ್ಲಿಸುತ್ತಿದ್ದ ಮನುಷ್ಯ. ಮಾವು ನಾನು ಬಿಟ್ಟಾಗಿತ್ತು, ಸಿಹಿ ಇವರೂ ಬಿಟ್ಟರು, ಇನ್ನು ಈ ಮನೆಗೆ ರಸಪುರಿ ತರುವವರು ಯಾರೂ ಇಲ್ಲ.

"ಅದು ಕೊನೆಗಾಲಕ್ಕೆ ಅಂತ ಇಟ್ಟಿದ್ದಲ್ವಾ?" ಅಂದೆ ಕಡೆಗೆ.

"ಒಂದ್ ಗುಟುಕು ತಕಂಡಿದ್ದು. ಉಳಿದಿರೋದು ಇಬ್ರಿಗೂ ಸಾಕು. ಏನ್ ಅವಸ್ರ? ನಿನ್ ತಲೆ ಮೇಲೆ ಕಾಶಿ ಸುಳ್ಳು ಇಟ್ಕಂಡು ನಾನು ಕಣ್ ಬುಟ್ಟು ಏನ್ ನೋಡ್ಲಿ?"

"ಅಂಗಾದ್ರೆ ಆಗಲಕಾಯಿನಾದ್ರೂ ತಿನ್ನಿ ಇನ್ಮೇಲೆ."

"ಅದನ್ನ ಮೊದ್ಲೇ ಬುಟ್ಟಾಗೈತೆ. ಅದಕ್ಕೂ ಇದಕ್ಕೂ ಸೇರಿಸ್ಬ್ಯಾಡ."

ನಾನು ಬಟ್ಟಲು ಹಿಡಿದುಕೊಂಡು ಒಳಗೆ ಹೋದೆ. ಅಡುಗೆಮನೆಯ ಬಾಗಿಲಲ್ಲಿ, ನಾನು ಯಾವಾಗಲೂ ನಿಲ್ಲುವ ಜಾಗದಲ್ಲಿ ನಿಂತು, ಸದ್ದಾಗದ ಹಾಗೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಹೊರಗೆ ಮಳೆ ಜೋರಾಗಿತ್ತು, ಕೇಳಿಸುವ ಹಾಗಿರಲಿಲ್ಲ.

"ಅಲ್ ನಿಂತ್ಕಂಡು ಯಾಕೆ ಅಳ್ತಿದೀಯೆ? ಬಾ ಇಲ್ಲಿ, ಬಂದು ಕೂತ್ಕೊ" ಅಂದರು ಜಗುಲಿಯಿಂದ.

ಅವರಿಗೆ ಈಗ ಅಷ್ಟು ದೂರ ಕಾಣಿಸುತ್ತದೆ ಅನ್ನುವುದೇ ನನಗೆ ಮರೆತುಹೋಗಿತ್ತು.